ನಾಲ್ಕನೇ ತರಗತಿಯ ಬಾಗಿಲು

ನಮ್ಮೂರ ಶಾಲೆಯ ಕೋಣೆಗಳು ರೈಲಿನ ಡಬ್ಬಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ಪ್ರತಿ ಕೋಣೆಗೂ ಅಂಗಳದ ಕಡೆಗೆ ಒಂದು ಸಾದಾ ಬಾಗಿಲು. ಮಕ್ಕಳು ದಿನಾ ಬಂದುಹೋಗುವುದು ಅದರಿಂದಲೇ. ಇನ್ನೊಂದು ಬಾಗಿಲು ನಡುಗೋಡೆಯಲ್ಲಿದೆ, ಮುಂದಿನ ತರಗತಿಗೆ ಹೋಗುವುದಕ್ಕೆ. ಅದಕ್ಕೆ ಚಿಲಕವಿಲ್ಲ, ಕೀಲಿಯಿಲ್ಲ, ಹಿಡಿಕೆಯೂ ಇಲ್ಲ. ಆ ವರ್ಷ ಕಲಿಯಬೇಕಾದದ್ದು ಹಾಜರಿಯಲ್ಲಿ ಹೆಸರಿರುವ ಎಲ್ಲ ಮಕ್ಕಳಿಗೂ ತಿಳಿದ ಗಳಿಗೆಯಲ್ಲಿ ಅದು ತಾನಾಗಿ ತೆರೆದುಕೊಳ್ಳುತ್ತದೆ. ಒಬ್ಬರಿಗೆ ತಿಳಿಯದೆ ಉಳಿದರೂ ಮುಚ್ಚಿಕೊಂಡೇ ಇರುತ್ತದೆ. ಒಂದನೇ ತರಗತಿಯ ಬಾಗಿಲಿಗೆ ಬೇಕಾದದ್ದು ಅಕ್ಷರ, ಎರಡನೆಯದಕ್ಕೆ ಕೂಡಿಸುವುದು ಕಳೆಯುವುದು, ಮೂರನೆಯದಕ್ಕೆ ಗಡಿಯಾರ ನೋಡುವುದು. ನಾಲ್ಕನೆಯದಕ್ಕೆ ಪಾಲು ಗೊತ್ತಿರಬೇಕು. ಅರ್ಧ, ಕಾಲು, ಮೂರರಲ್ಲಿ ಒಂದು, ಎಂಟರಲ್ಲಿ ಒಂದು, ಹೀಗೆ. ನಾನು ಆ ನಾಲ್ಕನೇ ತರಗತಿಗೆ ಪಾಠ ಹೇಳುವ ಅಕ್ಕೋರು. ಅಂಬುಜಾ ಎಂದು ಹೆಸರಿದ್ದರೂ ಊರಲ್ಲಿ ಎಲ್ಲರ ಬಾಯಲ್ಲೂ ಅಕ್ಕೋರೇ.

ಶಿವರಾತ್ರಿ ಮುಗಿದ ಮೇಲೆ ಊರಿನ ಕಿವಿಯೆಲ್ಲ ಶಾಲೆಯ ಕಡೆಗೇ ಇರುತ್ತದೆ. ಮೊದಲು ಮೇಲಿನ ತರಗತಿಗಳ ಬಾಗಿಲು, ಆಮೇಲೆ ಕೆಳಗಿನವು, ಒಂದೊಂದಾಗಿ ತೆರೆಯತೊಡಗುತ್ತವೆ. ತೆರೆದ ಸದ್ದು ಕೇಳಿದ್ದೇ ತಡ, ಆ ತರಗತಿಯ ಮಕ್ಕಳ ಮನೆಗಳಲ್ಲಿ ಬಾಣಲೆ ಒಲೆಯ ಮೇಲೇರುತ್ತದೆ. ಯುಗಾದಿಯೊಳಗೆ ತೆರೆಯದಿದ್ದರೆ ಮಾತ್ರ ಇಡೀ ತರಗತಿ ಮತ್ತೊಂದು ವರ್ಷ ಅದೇ ಕೋಣೆಯಲ್ಲಿ ಕೂರಬೇಕು, ಕೆಳಗಿನ ತರಗತಿಗೂ ಜಾಗ ಬಿಡದೆ. ಆ ಅವಮಾನಕ್ಕೆ ಹೆದರಿ ನಮ್ಮ ಹಿರಿಯರು ಎಂದೋ ಒಂದು ಉಪಾಯ ಕಂಡುಕೊಂಡಿದ್ದರು. ಯಾವ ಮಗುವಿಗೆ ಕಲಿಕೆ ತಡವಾಗಬಹುದು ಎನ್ನಿಸುತ್ತದೋ, ಯಾವ ಮಗುವಿಗೆ ಕಣ್ಣು, ಕಿವಿ ಇಲ್ಲವೇ ಮಾತು ಬೇರೆ ಥರ ಇದೆಯೋ, ಆ ಮಗುವಿನ ಹೆಸರನ್ನೇ ಬರೆಸುತ್ತಿರಲಿಲ್ಲ. ಅವರಿಗೆ ಮನೆಮಕ್ಕಳು ಎನ್ನುತ್ತಿದ್ದರು. ಯಾರೂ ಅವರನ್ನು ಹೊಡೆಯುತ್ತಿರಲಿಲ್ಲ, ಉಪವಾಸ ಕೆಡವುತ್ತಿರಲಿಲ್ಲ. ಹಬ್ಬಕ್ಕೆ ಹೊಸ ಅಂಗಿ ಹೊಲಿಸುತ್ತಿದ್ದರು. ಆದರೆ ಬೀಗರು ಬಂದಾಗ "ಸಾಲ್ಯಾಗೆಷ್ಟು, ಮನಿಯಾಗೆಷ್ಟು?" ಎಂದು ಕೇಳುವುದು, "ಸಾಲ್ಯಾಗ ಮೂರು, ಮನಿಯಾಗ ಒಂದು" ಎಂದು ಹೇಳುವುದು, ಎಷ್ಟು ರೂಢಿಯಾಗಿತ್ತೆಂದರೆ ಅದರಲ್ಲಿ ಏನಾದರೂ ಇದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಆ ವರ್ಷ ಶಾಲೆ ಶುರುವಾದ ದಿನ ಗಿರಣಿಯ ನೀಲವ್ವ ಬಂದಳು. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸುವ ಗಟ್ಟಿ ಹೆಂಗಸು. ಅವಳ ಕೈ ಹಿಡಿದು ಹುಬ್ಬಿನವರೆಗೆ ಹಿಟ್ಟು ಮೆತ್ತಿಕೊಂಡ ಒಂದು ಹುಡುಗಿ. ಸಣ್ಣ ಕಣ್ಣು, ದುಂಡು ಮುಖ, ಬಾಯಿ ತುಸು ತೆರೆದೇ ಇರುತ್ತಿತ್ತು. ನೀಲವ್ವನಿಗೆ ಮನೆಯಲ್ಲಿ ಒಂದು ಮಗು ಇದೆ ಎಂದು ನನಗೆ ಗೊತ್ತಿತ್ತು, ಕಂಡಿರಲಿಲ್ಲ.

"ಅಕ್ಕೋರೆ, ಇಕೀ ಹೆಸರು ಸಾವಂತ್ರಿ. ಒಂಬತ್ತು ತುಂಬ್ಯಾವ. ಇಕೀ ಓರಗೀ ಹುಡುಗ್ರೆಲ್ಲ ನಿಮ್ಮ ಖೋಲ್ಯಾಗ ಅದಾರ. ಬರ್ಕೋರಿ."

ನೀಲವ್ವ ದನಿ ತಗ್ಗಿಸಿದಳು. "ದಿನಾ ಮುಂಜಾನೆ ಪಾಟೀಚೀಲ ಹಾಕ್ಕೊಂಡು ಬಾಗ್ಲದಾಗ ನಿಂದರ್ತಾಳ್ರಿ. ಚೀಲದಾಗ ಏನೂ ಇಲ್ಲ. ಹುಡುಗ್ರು ಹೋಗೂದು ನೋಡ್ತಾಳ, ಒಳಗ ಬರ್ತಾಳ. ನನಗ ನೋಡಾಕ ಆಗವಲ್ದು."

ಹೆಸರು ಬರೆಯಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೇ. ಪೆನ್ನು ತೆಗೆದುಕೊಂಡೆ. ಬರೆದೆ.

ಸಾವಂತ್ರಿ ದೇವತೆಯೇನಲ್ಲ. ಮೊದಲ ವಾರದಲ್ಲೇ ಎರಡು ಪಾಟಿ ಒಡೆದಳು, ಒಬ್ಬ ಹುಡುಗನ ತೋಳು ಕಚ್ಚಿದಳು, ಗಂಟೆ ಬಾರಿಸುವ ಕೆಲಸ ತನಗೇ ಬೇಕೆಂದು ಅಂಗಳದಲ್ಲಿ ಮಲಗಿ ಹಟ ಹಿಡಿದಳು. ಮಾತು ಅವಳ ಬಾಯೊಳಗೆ ಉರುಳಾಡಿ, ಅರ್ಧ ಅಲ್ಲೇ ಉಳಿದು, ಅರ್ಧ ಹೊರಗೆ ಬರುತ್ತಿತ್ತು. ಹೇಳಿಕೊಟ್ಟದ್ದು ಮರುದಿನ ಮರೆತಿರುತ್ತಿತ್ತು. ಆದರೆ ನಗು ಬಂದರೆ ಇಡೀ ಕೋಣೆ ನಗಬೇಕು, ಹಾಗೆ ನಗುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಗಂಟೆಯ ಕೆಲಸ ಅವಳದೇ ಆಗಿತ್ತು. ಕಚ್ಚಿಸಿಕೊಂಡ ಹುಡುಗ ತನ್ನ ತೋಳು ತೋರಿಸಿ "ಇದು ಸಾವಂತ್ರಿ ಹಲ್ಲು" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ.

ಪಾಲಿನ ಪಾಠಕ್ಕೆ ಬಂದಾಗ ನಾನು ಕರಿಹಲಗೆಯ ಮೇಲೆ ಗೆರೆ ಎಳೆದು, ಮೇಲೊಂದು ಅಂಕಿ ಕೆಳಗೊಂದು ಅಂಕಿ ಬರೆದೆ. ಉಳಿದವರು ಬರೆದುಕೊಂಡರು. ಸಾವಂತ್ರಿ ಗೆರೆಯನ್ನು ನೋಡಿ ಆಕಳಿಸಿದಳು. ವಾರವೆಲ್ಲ ಹೀಗೇ ಆಯಿತು. ಆಮೇಲೊಂದು ದಿನ ಊಟದ ಬಿಡುವಿನಲ್ಲಿ ವಿದ್ಯಾ ಎಂಬ ಹುಡುಗಿ ತನ್ನ ರೊಟ್ಟಿಯನ್ನು ಸಾವಂತ್ರಿಯ ಮುಂದೆ ಹಿಡಿದು, "ಅರ್ಧ ನಿನಗ, ಅರ್ಧ ನನಗ. ಮುರಿ" ಅಂದಳು. ಸಾವಂತ್ರಿ ಮುರಿದಳು. ಒಂದು ತುಂಡು ದೊಡ್ಡದಾಯಿತು. ದೊಡ್ಡದನ್ನು ತಾನೇ ತೆಗೆದುಕೊಂಡಳು. "ಅದು ಅರ್ಧ ಅಲ್ಲ!" ಎಂದು ವಿದ್ಯಾ ಕಿರುಚಿದಳು. ಸಾವಂತ್ರಿ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು, ಹೆಚ್ಚಾಗಿದ್ದ ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡಳು, ಮತ್ತೆ ಇಟ್ಟು ನೋಡಿದಳು. ಸರಿಯಾಗಿತ್ತು.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದರ ಮೇಲೊಂದು ಇಟ್ಟು ನೋಡುವುದು! ಅಂದೇ ಕರಿಹಲಗೆಯನ್ನು ಒರೆಸಿಬಿಟ್ಟೆ.

ವಿದ್ಯಾ ಅರಿವೆ ಅಂಗಡಿಯ ಗುರುಪಾದಪ್ಪನವರ ಮಗಳು. ತರಗತಿಗೇ ಮೊದಲಿನವಳು. ಮರುದಿನ ಅಂಗಡಿಯಿಂದ ಒಂದೇ ಅಳತೆಯ ಅರಿವೆ ಪಟ್ಟಿಗಳನ್ನು ಚೀಲದ ತುಂಬ ತಂದಳು. ಮಡಿಚಿದರೆ ಅರ್ಧ, ಮತ್ತೆ ಮಡಿಚಿದರೆ ಕಾಲು, ಇನ್ನೊಮ್ಮೆ ಮಡಿಚಿದರೆ ಎಂಟರಲ್ಲಿ ಒಂದು. ಮೂರಕ್ಕೆ ಮಡಿಚುವುದು ಮಾತ್ರ ಎಲ್ಲರಿಗೂ ಕಷ್ಟ. ನಾಲಿಗೆ ಕಚ್ಚಿಕೊಂಡು, ನೆಲದ ಮೇಲೆ ಬೋರಲು ಬಿದ್ದು, ಜಗಳವಾಡಿ ಕಲಿತರು. ಸಾವಂತ್ರಿಯನ್ನು ಏನು ಕೇಳಿದರೂ ಕೊನೆಗೆ "ತೋರ್ಸು" ಎನ್ನುವುದು ಮಕ್ಕಳ ರೂಢಿಯಾಯಿತು. "ಕಾಲು ಎಲ್ಲೈತಿ? ತೋರ್ಸು." "ಅರ್ಧ ದೊಡ್ಡದೋ ಕಾಲು ದೊಡ್ಡದೋ? ತೋರ್ಸು." ಇಂದು ತೋರಿಸಿದ್ದನ್ನು ನಾಳೆ ಮರೆಯುತ್ತಿದ್ದಳು. ನಾಳೆ ಮತ್ತೆ ತೋರಿಸುತ್ತಿದ್ದರು. ಸಂಕ್ರಾಂತಿ ಕಳೆಯಿತು. ಮರೆಯುವುದು ಕಡಿಮೆಯಾಯಿತು. ಶಿವರಾತ್ರಿಗೆ ಅವಳು ನಿದ್ದೆಗಣ್ಣಲ್ಲೂ ಪಟ್ಟಿ ಮಡಿಚಿ ತೋರಿಸುತ್ತಾಳೆಂದು ನೀಲವ್ವ ಗಿರಣಿಗೆ ಬಂದವರಿಗೆಲ್ಲ ಹೇಳಿದಳು.

ಅತ್ತ ಮೇಲಿನ ಬಾಗಿಲುಗಳು ತೆರೆದವು. ಐದನೇ ತರಗತಿಯವರು ಕುಣಿಯುತ್ತ ಆರನೆಯದಕ್ಕೆ ಹೋದರು, ಅವರ ಕೋಣೆ ಖಾಲಿಯಾಯಿತು. ಇತ್ತ ಮೂರನೆಯ ತರಗತಿಯ ಬಾಗಿಲೂ ತೆರೆಯಿತು. ಆ ಪುಟ್ಟ ಮಕ್ಕಳು ಚೀಲ ಹೆಗಲಿಗೇರಿಸಿಕೊಂಡು ನಮ್ಮ ಹೊಸ್ತಿಲ ಮೇಲೆ ಒತ್ತಾಗಿ ನಿಂತು, "ನೀವು ಯಾವಾಗ ಹೋಗ್ತೀರಿ?" ಎಂದು ಕೇಳತೊಡಗಿದವು. ನಮ್ಮ ಬಾಗಿಲು ಮಾತ್ರ ಹಂದಲಿಲ್ಲ. ಹೋಳಿ ಹುಣ್ಣಿಮೆ ಬಂತು, ಹೋಯಿತು. ಯುಗಾದಿ ಕಾಲ ಬುಡಕ್ಕೆ ಬಂದಿತ್ತು.

ಗುರುಪಾದಪ್ಪನವರು ಶಾಲೆಯ ಕಮಿಟಿಯ ಹಿರಿಯರು. ಒಂದು ಸಂಜೆ ನಾಲ್ಕಾರು ಮಂದಿ ತಂದೆ ತಾಯಂದಿರನ್ನು ಕರೆದುಕೊಂಡು ಬಂದರು. ಕೆಟ್ಟವರಲ್ಲ, ಆದರೆ ಮಕ್ಕಳ ವರ್ಷ ಹೋದೀತೆಂಬ ಹೆದರಿಕೆ.

"ಅಕ್ಕೋರೆ, ನೀವು ದೊಡ್ಡ ಮನಸ್ಸು ಮಾಡಿದ್ರಿ, ಒಪ್ಪಿದ್ವಿ. ಅರಿವಿ ಬೇಕಂದ್ರ ಅರಿವಿ ಕೊಟ್ಟೆ. ಖರೆ ಈಗ ಉಳಿದ ಹುಡುಗ್ರ ಗತಿ ಏನ್ರಿ? ಒಂದು ಹೆಸರು ತಗದ್ರ ಬಾಗ್ಲಾ ತಗೀತೈತಿ."

"ಸಾವಂತ್ರಿಗೆ ಎಲ್ಲಾ ಬರ್ತೈತ್ರಿ ಸಾವಕಾರ್ರೆ. ನಾ ನೋಡೀನಿ."

"ಹಂಗಾದ್ರ ಬಾಗ್ಲಾ ಯಾಕ ಮುಚ್ಚೇತಿ?"

ಹೆಸರು ಮಾತ್ರ ತೆಗೆಯುವುದಿಲ್ಲ ಎಂದೆ. ಅವರು ಗೊಣಗುತ್ತ ಹೋದರು.

ಮರುದಿನ ಬೆಳಿಗ್ಗೆ ನೀಲವ್ವನೇ ಬಂದಳು, ಮಗಳಿಲ್ಲದೆ. ಕಣ್ಣು ಊದಿಕೊಂಡಿದ್ದವು. "ತಗದುಬಿಡ್ರಿ ಅಕ್ಕೋರೆ. ಗಿರಣಿಗೆ ಯಾರೂ ಬರವಲ್ರು, ಅದಕ್ಕಲ್ಲ. ಇಷ್ಟು ಕೂಸುಗಳ ವರ್ಷ ಇಕೀ ತಲೀ ಮ್ಯಾಲ ಹಾಕೂದು ನನಗ ಬ್ಯಾಡ. ನಾಳೆ ಇಕೀನ ಕಂಡ್ರ ಅವರು ಕಲ್ಲು ಒಗೀಬಾರದು." ಎಷ್ಟು ಹೇಳಿದರೂ ಕೇಳಲಿಲ್ಲ. ತಾಯಿಯೇ ಕೇಳಿದ ಮೇಲೆ ನಾನು ಹೇಗೆ ಬೇಡ ಎನ್ನಲಿ? ಹೆಸರಿನ ಮೇಲೆ ಗೆರೆ ಎಳೆದೆ. ಕೋಣೆಯೊಳಗೆ ವಿದ್ಯಾ ಬಿಕ್ಕಿ ಬಿಕ್ಕಿ ಅತ್ತಳು. ಅಂದು ಗಂಟೆ ಬಾರಿಸುವುದಕ್ಕೆ ಯಾರೂ ಏಳಲಿಲ್ಲ.

ಸುದ್ದಿ ಊರಲ್ಲಿ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಹೆಂಗಸರು ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಬಂದಿದ್ದರು. ಗುರುಪಾದಪ್ಪನವರು ಪೇಟ ಸುತ್ತಿಕೊಂಡಿದ್ದರು. ಎಲ್ಲರೂ ನಡುಗೋಡೆಯ ಬಾಗಿಲನ್ನೇ ನೋಡುತ್ತ ನಿಂತರು. ಹೊಸ್ತಿಲ ಮೇಲಿನ ಮೂರನೇ ತರಗತಿಯ ಮಕ್ಕಳು ಚೀಲ ಹೆಗಲಿಗೇರಿಸಿ ಸಿದ್ಧವಾಗಿದ್ದವು.

ಬಾಗಿಲು ತೆರೆಯಲಿಲ್ಲ.

ಒಬ್ಬರು ಕೆಮ್ಮಿದರು. ಬಿಸಿಲು ಕಿಟಕಿಯಿಂದ ಇಳಿದು ಚಾಪೆಯ ತುದಿ ಮುಟ್ಟಿತು. ಬಾಗಿಲು ಹಾಗೇ ಇತ್ತು. "ಸ್ವಲ್ಪ ತಡೀರಿ" ಎಂದು ಯಾರೋ ಅಂದರು. ತಡೆದರು. ಬಿಸಿಲು ಚಾಪೆ ದಾಟಿ ನನ್ನ ಕುರ್ಚಿಯವರೆಗೆ ಬಂತು.

ಅಷ್ಟರಲ್ಲಿ ವಿದ್ಯಾ ಎದ್ದು ನಿಂತಳು. ಮುಖವೆಲ್ಲ ಕೆಂಪಗಾಗಿತ್ತು. "ಅಪ್ಪಾ!" ಎಂದು ಕೂಗಿದಳು. "ಸಾವಂತ್ರಿ ಅಲ್ಲ! ಆಕೀ ಅಲ್ಲಪ್ಪಾ! ಆಕೀ ಹೆಸರು ಇಲ್ಲ, ಆದ್ರೂ ತಗೀಲಿಲ್ಲ!"

ಆ ಮಾತು ಎಲ್ಲರ ತಲೆಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅಂಗಳದಲ್ಲಿ ಎದ್ದ ಗದ್ದಲ ಹೇಳತೀರದು. ಹಾಗಾದರೆ ಯಾರು? ಪ್ರತಿ ತಾಯಿಯೂ ತನ್ನ ಮಗುವಿನ ಮುಖ ನೋಡಿದಳು. ಪ್ರತಿ ಮಗುವೂ ಪಕ್ಕದವನ ಮುಖ ನೋಡಿತು. ನನಗೋ, ಭಯದ ಜೊತೆಗೇ ಎಂಥದೋ ಸಂತೋಷ ಉಕ್ಕಿ ಬರುತ್ತಿತ್ತು. ನಾನು ಕಂಡದ್ದು ಸುಳ್ಳಾಗಿರಲಿಲ್ಲ! ಹೇಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ನನ್ನ ಮಕ್ಕಳು ಅಂಗಳದ ಬಾಗಿಲಿನಿಂದ ಬಾಣದ ಹಾಗೆ ಹೊರಬಿದ್ದು ಓಡಿದ್ದರು, ದೊಡ್ಡವರ ಕಾಲ ಸಂದಿಯಲ್ಲಿ ನುಗ್ಗಿ, ಗಿರಣಿಯ ಕಡೆಗೆ.

ಬರುವಾಗ ಸಾವಂತ್ರಿಯನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಬಂದರು. ಹಿಂದೆ ನೀಲವ್ವ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು, ಏನಾಗಿದೆಯೆಂದು ತಿಳಿಯದೆ. ನಾನು ಹಾಜರಿ ಪುಸ್ತಕ ತೆಗೆದೆ.

"ತಡೀರಿ ಅಕ್ಕೋರೆ," ಎಂದರು ಗುರುಪಾದಪ್ಪ. "ಮೊದಲ ಬಾಗ್ಲಾ ತಗೀಲಿ, ಆಮ್ಯಾಲ ಬರೀರಿ. ಇಷ್ಟರಾಗ ಮತ್ತೊಂದು ತೊಡಕು ಬ್ಯಾಡ."

"ತೊಡಕಲ್ರಿ ಸಾವಕಾರ್ರೆ, ಹುಡುಗಿ," ಎಂದೆ. ಅಷ್ಟು ಜನರ ಮುಂದೆ ಮತ್ತೆ ಅವಳ ಹೆಸರು ಬರೆದೆ, ಮೊದಲಿಗಿಂತ ದೊಡ್ಡ ಅಕ್ಷರದಲ್ಲಿ. ಸಾವಂತ್ರಿ ಬಗ್ಗಿ ನೋಡಿ, ತನ್ನ ಹೆಸರಿನ ಮೇಲೆ ಬೆರಳಿಟ್ಟು, ಹಿಟ್ಟಿನ ಗುರುತು ಬಿಟ್ಟಳು.

"ಸಾವಂತ್ರೀ," ಎಂದಳು ವಿದ್ಯಾ, "ಎಲ್ಲಾರ್ನೂ ಕೇಳು. ನಾವು ನಿನಗ ಕೇಳ್ತಿದ್ವಲ್ಲ, ಹಂಗ."

ಸಾವಂತ್ರಿಗೆ ಇದಕ್ಕಿಂತ ಖುಷಿಯ ಕೆಲಸ ಇನ್ನೇನಿತ್ತು! ಅರಿವೆ ಪಟ್ಟಿಗಳ ಚೀಲ ಎಳೆದುಕೊಂಡಳು. ಸಾಲಾಗಿ ಕೂತ ಒಬ್ಬೊಬ್ಬರ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಎರಡು ಪಟ್ಟಿ ಕೈಗೆ ಕೊಟ್ಟು, ಗಂಭೀರವಾಗಿ ಕೇಳತೊಡಗಿದಳು. "ಮೂರು ಪಾಲಿಂದು ದೊಡ್ಡದು? ಎಂಟು ಪಾಲಿಂದು ದೊಡ್ಡದು? ತೋರ್ಸು." ವಿದ್ಯಾ ಒಂದು ಪಟ್ಟಿಯನ್ನು ಮೂರಾಗಿ, ಇನ್ನೊಂದನ್ನು ಎಂಟಾಗಿ ಮಡಿಚಿ, ಒಂದರ ಮೇಲೊಂದು ಇಟ್ಟು ತೋರಿಸಿದಳು. "ಹಾಂ," ಎಂದು ಸಾವಂತ್ರಿ ಅವಳ ತಲೆ ಸವರಿದಳು. ಹೊರಗೆ ನಿಂತವರು ನಕ್ಕರು. ಕಚ್ಚಿಸಿಕೊಂಡ ಹುಡುಗ ತೋರಿಸಿದ. ಅವನಿಗೂ "ಹಾಂ." ಹೀಗೇ ಸಾಲು ಮುಂದುವರಿಯಿತು. ಕಿಟಕಿಯ ಸರಳು ಹಿಡಿದು ನಿಂತಿದ್ದ ತಾಯಂದಿರು ತಮ್ಮ ಮಗುವಿನ ಸರದಿ ಬಂದಾಗ ಉಸಿರು ಬಿಗಿಹಿಡಿದು, "ಹಾಂ" ಬಂದ ಕೂಡಲೇ ಬಿಡುತ್ತಿದ್ದರು.

ಮೂಲೆಯಲ್ಲಿ ಕಲ್ಮೇಶ ಕೂತಿದ್ದ. ಬಡಿಗ ನಿಂಗಪ್ಪನ ಮಗ. ಯಾರ ತಂಟೆಗೂ ಹೋಗದವನು, ಹಾಜರಿ ಕೂಗಿದರೆ ಮಾತ್ರ ಬಾಯಿ ಬಿಡುವವನು. ಪಾಟಿಯ ಮೇಲೆ ಅವನ ಅಂಕಿಗಳು ಅಚ್ಚು ಹಾಕಿದಂತೆ ಇರುತ್ತಿದ್ದವು. ನೆಲದ ಮೇಲಿನ ಗಲಾಟೆಗೆ ಅವನು ಎಂದೂ ಇಳಿದಿರಲಿಲ್ಲ. ಅವನಿಗೆ ಬರುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು.

"ಮೂರು ಪಾಲಿಂದು ದೊಡ್ಡದು? ಎಂಟು ಪಾಲಿಂದು ದೊಡ್ಡದು?"

"ಎಂಟು," ಎಂದ ಕಲ್ಮೇಶ.

ಸಾವಂತ್ರಿ ಅವನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದಾನೆಂದು ಗೊಳ್ಳೆಂದು ನಕ್ಕಳು. ಅವನು ನಗಲಿಲ್ಲ. ಅವಳ ನಗುವೂ ನಿಂತಿತು. "ತೋರ್ಸು," ಎಂದಳು ಮೆಲ್ಲಗೆ.

ಕಲ್ಮೇಶ ಪಟ್ಟಿ ಹಿಡಿದುಕೊಂಡು ಕೂತ. "ಎಂಟು ಮೂರಕ್ಕಿಂತ ದೊಡ್ಡದಲ್ಲೇನ್ರಿ ಅಕ್ಕೋರೆ?" ಎಂದು ನನ್ನ ಕಡೆ ನೋಡಿದ. ಕಣ್ಣು ತುಂಬಿ ಬಂದಿದ್ದವು. ಕಿಟಕಿಯಲ್ಲಿ ನಿಂಗಪ್ಪ ತಲೆ ತಗ್ಗಿಸಿದ. ಹೊರಗೆ ಪಿಸುಮಾತು ಶುರುವಾಗುವುದರಲ್ಲಿತ್ತು.

ಆದರೆ ಶುರುವಾಗಲಿಲ್ಲ, ಏಕೆಂದರೆ ನನ್ನ ಮಕ್ಕಳು ಹೋ ಎಂದು ಕುಣಿಯತೊಡಗಿದ್ದರು. "ಸಿಕ್ತು! ಸಿಕ್ತು! ಇಷ್ಟೇನಾ!" ಯಾರ ಮುಖದಲ್ಲೂ ಸಿಟ್ಟಿಲ್ಲ. ಒಂದು ವರ್ಷವೆಲ್ಲ ಇದೇ ಕೆಲಸ ಮಾಡಿ ಪಳಗಿದವರು ಅವರು. ತಿಳಿಯದವರು ಒಬ್ಬರಿದ್ದಾರೆ ಎಂದರೆ ಅವರಿಗೆ ಆಟ ಇನ್ನೂ ಮುಗಿದಿಲ್ಲ ಎಂದಷ್ಟೇ ಅರ್ಥ. ಎಲ್ಲರೂ ಕಲ್ಮೇಶನ ಸುತ್ತ ಮುಗಿಬಿದ್ದರು. ವಿದ್ಯಾ, "ನೋಡೋ, ಕೆಳಗಿನ ಅಂಕಿ ಅಂದ್ರ..." ಎಂದು ಶುರುಮಾಡಿದಳು. ಸಾವಂತ್ರಿ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. "ಬಾಯಿಲೆ ಬ್ಯಾಡ."

ಕಲ್ಮೇಶನ ಬೆರಳುಗಳನ್ನು ತನ್ನ ದಪ್ಪ ಬೆರಳುಗಳಲ್ಲಿ ಹಿಡಿದು, ಪಟ್ಟಿಯನ್ನು ಅವನ ಕೈಯಿಂದಲೇ ಮಡಿಚಿಸಿದಳು. ಅರ್ಧ. ಮತ್ತೆ ಮಡಿಚಿಸಿದಳು. ಕಾಲು. ಮತ್ತೊಮ್ಮೆ. ಪಟ್ಟಿ ಅಂಗೈಯಷ್ಟಾಯಿತು. ಇನ್ನೊಂದನ್ನು ಮೂರಾಗಿ ಮಡಿಚಲು ಅವಳಿಗೂ ಹೊತ್ತು ಹಿಡಿಯಿತು, ಎರಡು ಸಲ ತಪ್ಪಿತು. ಯಾರೂ ಕೈ ಹಾಕಲಿಲ್ಲ. ಕೊನೆಗೆ ಸರಿಹೋಯಿತು. ಎರಡನ್ನೂ ಅವನ ಮುಂದೆ ಒಂದರ ಮೇಲೊಂದು ಇಟ್ಟಳು. ಎಂಟರ ತುಂಡು ಮೂರರ ತುಂಡಿನ ಮೇಲೆ ಮರಿಯ ಹಾಗೆ ಕೂತಿತ್ತು.

ಕಲ್ಮೇಶ ನೋಡಿದ. ಎತ್ತಿ ನೋಡಿದ. ಬಿಚ್ಚಿ, ತಾನೇ ಮತ್ತೆ ಮಡಿಚಿ ನೋಡಿದ. ಅವನ ಹುಬ್ಬು ಮೇಲೇರಿತು. "ಓಹೋ..." ಎಂದ. ಆಮೇಲೆ ನಾವು ಯಾರೂ ಎಂದೂ ಕೇಳಿರದ ದೊಡ್ಡ ದನಿಯಲ್ಲಿ ಕೂಗಿದ. "ಹಂಚ್ಕೊಳ್ಳೋ ಮಂದಿ ಹೆಚ್ಚಾದ್ರ ಪಾಲು ಸಣ್ಣದಾಗ್ತೈತಿ! ಹೌದಲ್ಲೇನಬೇ ಸಾವಂತ್ರಿ?"

ಸಾವಂತ್ರಿ "ಹಾಂ" ಎನ್ನುವಷ್ಟರಲ್ಲಿ ನಡುಗೋಡೆ ಒಮ್ಮೆ ನಿಟ್ಟುಸಿರು ಬಿಟ್ಟ ಹಾಗಾಯಿತು. ಬಾಗಿಲು ತೆರೆಯಿತು. ಐದನೇ ತರಗತಿಯ ತಣ್ಣನೆ ಗಾಳಿ ಸುಣ್ಣದ ವಾಸನೆ ಹೊತ್ತು ನಮ್ಮ ಮುಖಕ್ಕೆ ಬಡಿಯಿತು.

ಆಮೇಲೆ ಯಾರು ಯಾರನ್ನು ಎತ್ತಿಕೊಂಡರೋ ನನಗೆ ಗೊತ್ತಾಗಲಿಲ್ಲ. ಮಂಡಕ್ಕಿ ಮಳೆಯಂತೆ ಸುರಿಯಿತು. ನನ್ನ ಮಕ್ಕಳು ಕಿರುಚುತ್ತ ಆ ಕಡೆ ನುಗ್ಗಿದರು, ಮೂರನೇ ತರಗತಿಯ ಮಕ್ಕಳು ಕಿರುಚುತ್ತ ಈ ಕಡೆ ನುಗ್ಗಿದವು, ನಡುವೆ ನಾನು ಸಿಕ್ಕಿಕೊಂಡು ಗಿರಗಿರನೆ ತಿರುಗಿದೆ. ನಿಂಗಪ್ಪ ಮಗನನ್ನು ತಬ್ಬಿಕೊಂಡು, ಸಾವಂತ್ರಿಯ ಕೈಹಿಡಿದು ತಲೆಯಾಡಿಸಿದ. ಗುರುಪಾದಪ್ಪನವರ ಪೇಟ ಬಿಚ್ಚಿ ಹೆಗಲಿಗೆ ಬಿದ್ದಿತ್ತು. ಅವರು ನೀಲವ್ವನ ಮುಂದೆ ಬಂದು ನಿಂತರು.

"ತಪ್ಪಾತ ತಂಗೀ," ಎಂದರು. "ನಮ್ಮನಿಯಾಗೂ ಒಬ್ಬಾವ ಅದಾನ. ವಿದ್ಯಾನ ತಮ್ಮ. ಕಿವಿ ಕೇಳೂದಿಲ್ಲ."

ಈ ವಿಷಯ ಊರಿಗೆಲ್ಲ ಗೊತ್ತಿತ್ತು. ಆದರೆ ಅವರ ಬಾಯಿಂದ ಅದು ನಾಲ್ಕು ಜನರ ಮುಂದೆ ಬಂದದ್ದು ಅದೇ ಮೊದಲು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಬೆಳಿಗ್ಗೆ ನಾನು ಹೆಸರು ಬರೆಯಲು ಅಂಗಳದಲ್ಲಿ ಕೂತೆ. ತಲೆ ಎತ್ತಿ ನೋಡುತ್ತೇನೆ, ಬೀದಿಯ ಆ ತುದಿಯಿಂದ ಜನ ಬರುತ್ತಿದ್ದಾರೆ. ಗುರುಪಾದಪ್ಪನವರು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಒಬ್ಬಳು ಮಗುವಿನ ಕೈಗೆ ಕೋಲು ಕೊಟ್ಟು ಹಿಂದೆ ಹಿಂದೆ ನಡೆಯುತ್ತಿದ್ದಳು. ಒಬ್ಬ ಹುಡುಗ ಹಲಗೆಗೆ ಗಾಲಿ ಬಡಿದ ಗಾಡಿಯಲ್ಲಿ ಕೂತು, ಎಳೆಯುವವರನ್ನು "ಜೋರಾಗಿ, ಇನ್ನೂ ಜೋರಾಗಿ" ಎಂದು ಹುರಿದುಂಬಿಸುತ್ತಿದ್ದ. ನಾನು ಎಂದೂ ಕಾಣದ ಮುಖಗಳು, ಆದರೆ ಪ್ರತಿಯೊಂದರಲ್ಲೂ ನನಗೆ ಗೊತ್ತಿದ್ದ ಯಾವುದೋ ಮನೆಯ ಮೂಗು, ಯಾವುದೋ ಮನೆಯ ಗಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಮ್ಮನ್ನೆಲ್ಲ ನೋಡುತ್ತಿದ್ದವು. ಬರೆಯುತ್ತ ಬರೆಯುತ್ತ ನನ್ನ ಬೆರಳು ನೋಯತೊಡಗಿದವು.

"ಇಷ್ಟು ಮಂದಿ ಬಂದ್ರ ಈ ವರ್ಷ ಬಾಗ್ಲಾ ಯಾವಾಗ ತಗೀತಾವೋ ಏನೋ," ಎಂದರು ಗುರುಪಾದಪ್ಪ, ಮಗನ ಹೆಸರು ಬರೆಸಿ ಪಕ್ಕಕ್ಕೆ ಸರಿಯುತ್ತ.

"ತಗದಾಗ ತಗೀತಾವ್ರಿ," ಎಂದೆ.

ಸಾಲಿನ ಕೊನೆಗೆ ಬಂದದ್ದು ಕುಂಬಾರ ಓಣಿಯ ಶಿವಬಸವ್ವಜ್ಜಿ. ಬೆನ್ನು ಬಾಗಿ ನೆಲಕ್ಕೆ ಹತ್ತಿದ ಮುದುಕಿ. ಅಜ್ಜಿ ಮೊಮ್ಮಗುವನ್ನು ತಂದಿರಬೇಕು ಎಂದು ಸುತ್ತ ನೋಡಿದೆ. ಅವಳ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಕೂದಲು ಅರ್ಧ ನರೆತಿತ್ತು. ಹೊಸ ಇಳಕಲ್ಲ ಸೀರೆ, ತಲೆಗೆ ಎಣ್ಣೆ, ಸಣ್ಣ ಹುಡುಗಿಯ ಹಾಗೆ ಬಿಗಿಯಾಗಿ ಹೆಣೆದ ಎರಡು ಜಡೆ.

"ಮಗಳ್ರಿ," ಎಂದಳು ಅಜ್ಜಿ. "ಒಂದನೇ ತರಗತ್ಯಾಗ ಬರ್ಕೋರಿ. ಬಾಗ್ಲಾ ತಗಿಯೂತನಾ ನಾ ಇರ್ತೀನೋ ಇಲ್ಲೋ. ಹೆಸರು ಬರಿಯೂದು ನೋಡ್ಕೊಂಡು ಹೋಗ್ತೀನಿ."

ನಾನು ಅಜ್ಜಿಯನ್ನು ಬಿಟ್ಟು ಮಗಳ ಕಡೆ ತಿರುಗಿದೆ. "ನಿನ್ನ ಹೆಸರೇನವ್ವಾ?"

ಅವಳು ತಾಯಿಯ ಮುಖ ನೋಡಿದಳು, ನನ್ನ ಪೆನ್ನು ನೋಡಿದಳು. ಎದೆಯ ತುಂಬ ಉಸಿರು ಎಳೆದುಕೊಂಡು ಹೇಳಿದಳು. "ತುಂಗವ್ವ ಚನ್ನಪ್ಪ ಕುಂಬಾರ!" ಅಂಗಳದ ಆ ತುದಿಯಲ್ಲಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಬರೆದೆ. ಅಷ್ಟಕ್ಕೆ ಅವಳಿಗೆ ಸಾಲಲಿಲ್ಲ. ಮೇಜಿನ ಅಂಚು ಹಿಡಿದು ನನ್ನ ಕಡೆ ಬಗ್ಗಿದಳು.

"ಇನ್ನೊಮ್ಮೆ ಹೇಳ್ಲಿ?"

"ಹೇಳವ್ವಾ," ಎಂದೆ.